ಹಳೆಯ ಮಿನಿಬೈಕಿಗೆ ಹೊಂದುವ ಎಂಜಿನ್ ದೊರೆತ ಬಗೆ

ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ದೊರೆತ ಮಿನಿಬೈಕಿನ ಮೂಲ ಎಂಜಿನ್ ದುರಸ್ತಿಗೆ ಮೀರಿದ್ದರಿಂದ ಬದಲಿ ಎಂಜಿನ್ ಹುಡುಕಬೇಕಾಯಿತು. ತೋಟಗಳಲ್ಲಿ ನೀರೆತ್ತುವ 163 ಸಿಸಿಯ ಹೋಂಡಾ ಜಿಎಕ್ಸ್160 ಎಂಜಿನ್ನಿನ ಶಕ್ತಿಯೇನೋ ಸಾಕಿತ್ತು. ಆದರೆ ಪಂಪಿಗೆಂದೇ ಮಾಡಿದ ಕೆಲವು ಮಾದರಿಗಳಲ್ಲಿ ಶಾಫ್ಟಿನ ತುದಿಗೆ ಥ್ರೆಡ್ ಇರುವುದರಿಂದ ಅದರ ಮೇಲೆ ಸೆಂಟ್ರಿಫ್ಯೂಗಲ್ ಕ್ಲಚ್ (ಎಂಜಿನ್ ವೇಗ ಏರಿದಾಗ ತಾನಾಗಿಯೇ ಹಿಡಿದುಕೊಳ್ಳುವ ಕ್ಲಚ್) ಕೂರುವುದಿಲ್ಲ. ನನ್ನ ಕ್ಲಚ್ಚಿನ ರಂಧ್ರ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಆದ್ದರಿಂದ 20 ಮಿ.ಮೀ. ಶಾಫ್ಟಿನ ಎಂಜಿನ್ ಕೂಡ ಉಪಯೋಗಕ್ಕೆ ಬರಲಿಲ್ಲ. ಅಂಗಡಿಯವರು ಎರಡೂ ಒಂದೇ ಎಂದರು, ಅಳತೆಯ ಸಾಧನವಾದ ವರ್ನಿಯರ್ ಒಪ್ಪಲಿಲ್ಲ! ಕೊನೆಗೆ ಕೀವೇ (ಕ್ಲಚ್ ಜಾರದಂತೆ ಕೀಲಿ ಕೂರಿಸುವ ತೋಡು) ಇರುವ ಮುಕ್ಕಾಲು ಇಂಚಿನ ನೇರ ಶಾಫ್ಟಿನ ಎಂಜಿನ್ ತರಿಸಿ, ಫ್ರೇಮಿನ ತಟ್ಟೆಗೆ ಹೊಸ ರಂಧ್ರಗಳನ್ನು ಕೊರೆಸಿ, ಚೈನ್ ಕೂರುವ ಹಲ್ಲಿನ ಚಕ್ರಗಳಾದ ಎರಡೂ ಸ್ಪ್ರಾಕೆಟ್‌ಗಳನ್ನು ಒಂದೇ ನೇರಕ್ಕೆ ತಂದ ಮೇಲೆ ಚೈನ್ ಬಿಗಿದೆನು. ವೇಗಕ್ಕಾಗಿ, ಎಂಜಿನ್ ಮಿತಿಮೀರಿ ತಿರುಗದಂತೆ ತಡೆಯುವ ಗವರ್ನರ್ ತೆಗೆದುಹಾಕುವವರಿದ್ದಾರೆ. ಹಾಗೆ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಮುರಿಯುವ ಅಪಾಯವಿರುವುದರಿಂದ ನಾನು ಅದನ್ನು ಮುಟ್ಟಲಿಲ್ಲ.