ದೊಡ್ಡ ಎಕ್ಸ್‌ಎಂಎಲ್ ಫೈಲು: ಚೀಲ ಎಲ್ಲ ಇಳಿಸಲೇಬೇಕಾ?

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದಕ್ಕೆ ಐದು ವರ್ಷದ ವೋಚರ್‌ಗಳನ್ನು ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಸಾಲುಸಾಲಾಗಿ ಬರೆದ ಪಟ್ಟಿ, ಮಾಡಿಕೊಡಬೇಕಿತ್ತು. ಲೆಕ್ಕದ ತಂತ್ರಾಂಶದಿಂದ ಬಂದ ಎಕ್ಸ್‌ಎಂಎಲ್ ಫೈಲು (ಮಾಹಿತಿಯನ್ನು ಟ್ಯಾಗ್ ಎಂಬ ಹೆಸರಿನ ಗುರುತುಗಳ ನಡುವೆ ಇಟ್ಟು ಬರೆದದ್ದು) ಒಂದೂವರೆ ಜಿಬಿ, ನನ್ನ ಲ್ಯಾಪ್‌ಟಾಪಿನ ಮೆಮೊರಿ 8 ಜಿಬಿ. ಪ್ರೋಗ್ರಾಮ್ ಓಡಲು ಬಿಟ್ಟು ಬೆಣ್ಣೆದೋಸೆ ತಿಂದು ಬಂದರೆ, ಮೌಸ್ ಕೂಡ ಅಲುಗಾಡುತ್ತಿರಲಿಲ್ಲ. ಪೈಥಾನ್ ಬಿಟ್ಟು ಜಾವಾ ಹಿಡಿದಿದ್ದರೂ ಅದೇ ಪಾಡು. ನಾನು ಓದಿದ ರೀತಿಯೇ ತಪ್ಪಿತ್ತು.

ಮೊದಲು ಫೈಲನ್ನು ನೋಡಿ. ನೋಟ್‌ಪ್ಯಾಡಿನಲ್ಲಿ ತೆರೆಯಬೇಡಿ, ಹೆಡ್ ಕಮಾಂಡಿನಿಂದ ಮೊದಲ ಎರಡು ಸಾವಿರ ಬೈಟ್ ಸಾಕು. ಅಕ್ಷರಗಳನ್ನು ಬೈಟುಗಳಾಗಿ ಬರೆದ ರೀತಿ ಯುಟಿಎಫ್-8ಓ ಯುಟಿಎಫ್-16ಓ, ಮತ್ತೆ ಮತ್ತೆ ಬರುವ ಟ್ಯಾಗ್ ಯಾವುದು, ನೇಮ್‌ಸ್ಪೇಸ್ (ಟ್ಯಾಗ್ ಹೆಸರಿಗೆ ಅಂಟಿಸಿದ ಮನೆತನದ ಹೆಸರಿನಂಥದ್ದು) ಇದೆಯಾ, ಇಷ್ಟು ಗುರುತು ಹಾಕಿಕೊಳ್ಳಿ.

ಫೈಲು ಹತ್ತಿಪ್ಪತ್ತು ಎಂಬಿಯೊಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಪೈಥಾನ್ ಜತೆಗೇ ಬರುವ ಎಲಿಮೆಂಟ್‌ಟ್ರೀ ಲೈಬ್ರರಿ ಸಾಕು. ಎಕ್ಸ್‌ಪಾತ್ (ದಾರಿ ಬರೆದು ಟ್ಯಾಗ್ ಹುಡುಕುವ ಭಾಷೆ) ಪೂರ್ತಿಯಾಗಿ ಬೇಕು, ಒಳಗಿನ ಮಗು ಟ್ಯಾಗಿನಿಂದ ಹೊರಗಿನ ತಾಯಿ ಟ್ಯಾಗಿಗೆ ಹತ್ತಬೇಕು ಎಂದರೆ ಎಲ್‌ಎಕ್ಸ್‌ಎಂಎಲ್ ಎಂಬ ಇನ್ನೊಂದು ಲೈಬ್ರರಿ. ಎರಡೂ ಇಡೀ ಫೈಲನ್ನು ಮರವಾಗಿ ಮೆಮೊರಿಯಲ್ಲಿ ಕಟ್ಟುತ್ತವೆ. ಬೇರೆ ಭಾಷೆಗಳಲ್ಲೂ ಸಿಗುವ ಡಾಮ್ ಎಂಬ ಓದುವ ವಿಧಾನ ಮಾಡುವುದೂ ಅದನ್ನೇ. ಆ ಮರ ಫೈಲಿನ ಹಲವು ಪಟ್ಟು ಜಾಗ ತಿನ್ನುತ್ತದೆ. ಲಾರಿಯ ಚೀಲಗಳನ್ನೆಲ್ಲ ಗೋದಾಮಿಗೆ ಇಳಿಸಿ, ಆಮೇಲೆ ತೂಕಕ್ಕೆ ಕೂತಂತೆ.

ಫೈಲು ದೊಡ್ಡದಾದರೆ ಇಳಿಯುತ್ತಿದ್ದಂತೆಯೇ ತೂಗಬೇಕು. ಇದರಲ್ಲಿ ಎರಡು ಬಗೆ. ಸ್ಯಾಕ್ಸ್ ಎಂಬ ಬಗೆಯಲ್ಲಿ ಹಮಾಲಿ ಒಂದೊಂದೇ ಚೀಲ ತಂದು ನಿಮ್ಮ ಮುಂದೆ ಒಗೆಯುತ್ತಾನೆ. ಯಾವ ಟ್ಯಾಗಿನ ಒಳಗಿದ್ದೇವೆ ಎಂಬ ನೆನಪು ನಿಮ್ಮ ಪಾಲಿಗೆ. ಜಾವಾದ ಸ್ಟ್ಯಾಕ್ಸ್‌ನಲ್ಲಿ ‘ಇನ್ನೊಂದು ತಾರಪ್ಪ’ ಎಂದು ನೀವೇ ಕೇಳುತ್ತೀರಿ, ಸಾಕೆನಿಸಿದಾಗ ನಿಲ್ಲಿಸುತ್ತೀರಿ. ನನಗೆ ಎರಡನೆಯದೇ ಹಿಡಿಸಿದ್ದು.

ಪೈಥಾನ್‌ನಲ್ಲಿ ಆ ಜಾಗಕ್ಕೆ ಐಟರ್‌ಪಾರ್ಸ್ ಎಂಬ ಫಂಕ್ಷನ್. ಟ್ಯಾಗ್ ಮುಗಿಯಿತೆಂದು ಹೇಳುವ ‘ಎಂಡ್’ ಘಟನೆಗೇ ಕಾಯಿರಿ; ‘ಸ್ಟಾರ್ಟ್’ ಬಂದಾಗ ವೋಚರ್ ಒಳಗಿನ ಮಾಹಿತಿ ಇನ್ನೂ ಬಂದಿರುವುದಿಲ್ಲ. ಬೇಕಾದ್ದನ್ನು ಬರೆದುಕೊಂಡ ಕೂಡಲೇ ಆ ಎಲಿಮೆಂಟನ್ನು (ಟ್ಯಾಗ್ ಮತ್ತು ಅದರೊಳಗಿನದನ್ನು) ಕ್ಲಿಯರ್ ಮಾಡಿ. ಅಷ್ಟಕ್ಕೇ ನಿಲ್ಲಿಸಿದರೆ ಮತ್ತೆ ಮೋಸ: ಕಾಳು ಹೋದರೂ ಖಾಲಿ ಚೀಲಗಳು ತಾಯಿ ಟ್ಯಾಗಿಗೆ ಜೋತುಬಿದ್ದಿರುತ್ತವೆ. ಲಕ್ಷಗಟ್ಟಲೆ ಆದಾಗ ಅವೂ ಭಾರವೇ. ಅಲ್ಲಿಂದಲೂ ಕಿತ್ತುಹಾಕಿ.

ಇಷ್ಟಾದರೂ ನನ್ನ ಫೈಲು ಅರ್ಧದಲ್ಲಿ ನಿಂತಿತು. ಒಳಗೆ 4ನೇ ಸಂಖ್ಯೆಯ ನಿಯಂತ್ರಣ ಅಕ್ಷರ ಕೂತಿತ್ತು. 32ಕ್ಕಿಂತ ಕೆಳಗಿನವುಗಳಲ್ಲಿ ಟ್ಯಾಬ್ ಮತ್ತು ಸಾಲು ಮುರಿಯುವ ಎರಡನ್ನು ಬಿಟ್ಟರೆ ಉಳಿದ ಯಾವುದನ್ನೂ ಎಕ್ಸ್‌ಎಂಎಲ್ 1.0 ಒಪ್ಪುವುದಿಲ್ಲ,  ಎಂಬಂತೆ ಸಂಕೇತವಾಗಿ ಬರೆದರೂ ಇಲ್ಲ. ಪಾರ್ಸರ್‌ಗೆ (ಎಕ್ಸ್‌ಎಂಎಲ್ ಓದಿ ಬಿಡಿಸುವ ಭಾಗಕ್ಕೆ) ಕೊಡುವ ಮುಂಚೆಯೇ ಅವನ್ನು ತೆಗೆದುಬಿಡಿ. ಎಲ್‌ಎಕ್ಸ್‌ಎಂಎಲ್‌ನ ‘ರಿಕವರ್’ ಆಯ್ಕೆ ಹಾಕಿದರೆ ದೋಷ ದಾಟಿ ಮುಂದೆ ಹೋಗುತ್ತದೆ ನಿಜ, ಆದರೆ ದಾರಿಯಲ್ಲಿ ಏನು ಬಿಟ್ಟಿತೆಂದು ಹೇಳದೆಯೂ ಇರಬಹುದು. ದುಡ್ಡಿನ ಲೆಕ್ಕಕ್ಕೆ ನಾನಂತೂ ಅದನ್ನು ಮುಟ್ಟುವುದಿಲ್ಲ. ಪಾರ್ಸರ್ ಬಿಟ್ಟು ರೆಜೆಕ್ಸ್‌ನಿಂದಲೇ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ರೀತಿ) ಟ್ಯಾಗ್ ಹೆಕ್ಕುತ್ತೇನೆನ್ನುವವರೂ ಇದ್ದಾರೆ. ಲೆಕ್ಕಕ್ಕಿಲ್ಲವೆಂದು ಗುರುತು ಹಾಕಿದ ಒಂದು ಕಾಮೆಂಟಿನೊಳಗೆ ಹಳೆಯ ವೋಚರ್ ಸಿಕ್ಕಿದ ದಿನ ಅವರಿಗೇ ಗೊತ್ತಾಗುತ್ತದೆ.

ಫೈಲು ಗುರುತಿಲ್ಲದವರಿಂದ ಬಂದಿದ್ದರೆ ಡಿಫ್ಯೂಸ್ಡ್‌ಎಕ್ಸ್‌ಎಂಎಲ್ ಎಂಬ ಪೈಥಾನ್ ಲೈಬ್ರರಿ ಬಳಸಿ. ಕೆಲವೇ ಸಾಲಿನ ಎಂಟಿಟಿಗಳು (ಬೇರೆ ಪಠ್ಯದ ಬದಲಿಗೆ ನಿಲ್ಲುವ ಚಿಕ್ಕ ಹೆಸರುಗಳು) ಬಿಚ್ಚುತ್ತಾ ಹೋಗಿ ಮೆಮೊರಿಯನ್ನೆಲ್ಲ ನುಂಗಬಲ್ಲವು.

ಕೊನೆಗೆ ಎಣಿಸಿ. ವೋಚರ್ ಮುಗಿಸುವ ಟ್ಯಾಗ್ ಫೈಲಿನಲ್ಲಿ ಎಷ್ಟಿವೆ, ಸಿಎಸ್‌ವಿಯಲ್ಲಿ ಎಷ್ಟು ಸಾಲು ಬಂತು? ಫೈಲಿನಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡಿನ ಸಿ ಆಯ್ಕೆ ಸಾಲು ಎಣಿಸುತ್ತದೆಯೇ ಹೊರತು ಟ್ಯಾಗನ್ನಲ್ಲ. ಇಡೀ ಫೈಲು ಒಂದೇ ಸಾಲಿನಲ್ಲಿದ್ದರೆ ಉತ್ತರ 1 ಎಂದೇ ಬರುತ್ತದೆ. ಹಾಗೆ ನಾನೂ ಒಮ್ಮೆ ಬೆಚ್ಚಿಬಿದ್ದಿದ್ದೆ.