ಸಿಗ್ನಲ್ ಕಿತ್ತು ರೌಂಡಬೌಟ್ ಕೂಡಿಸಿದ ಲೆಕ್ಕ

ಕಲಬುರಗಿಯ ರಿಂಗ್ ರಸ್ತೆಯ ಒಳಗಡೆ ಒಂದು ನಾಲ್ಕು ದಾರಿಯ ಸರ್ಕಲ್. ಅಲ್ಲಿ ಸಿಗ್ನಲ್ ತೆಗೆದು ಸಣ್ಣ ರೌಂಡಬೌಟ್ ಮಾಡಿ ಎರಡು ತೊಗರಿ ಸೀಸನ್ ದಾಟಿವೆ. "ನಮ್ಮ ಮಂದಿಗೆ ಗೋಲ್ ತಿರುಗೂದು ಆಗಂಗಿಲ್ರೀ, ಪೊಲೀಸ್ ಬೇಕು, ಇಲ್ಲಾ ಕೆಂಪು ದೀಪ ಬೇಕು" ಅಂದವರೇ ಜಾಸ್ತಿ. ಎರಡು ಸಲ ಕೆಟ್ಟಿತು, ಮೂರನೇ ಸಲ ನಿಂತಿತು. ಸಿಗ್ನಲ್ ಇದ್ದಾಗ ಸಂಜೆ ಆರರ ಹೊತ್ತಿಗೆ ಉದ್ದದ ಸಾಲಿನಲ್ಲಿ ನಲವತ್ತು, ನಲವತ್ತೈದು ಗಾಡಿ ನಿಲ್ಲುತ್ತಿದ್ದವು. ಈಗ ಹದಿನೈದು ದಾಟುವುದಿಲ್ಲ. ಪಿಸಿಯು, ಸ್ಯಾಚುರೇಶನ್ ಫ್ಲೋ, ಐಆರ್‌ಸಿ 65 ಮತ್ತು 93 ಗೊತ್ತಿದ್ದವರಿಗೆ ಬರೆಯುತ್ತಿದ್ದೇನೆ, ಉಳಿದವರಿಗೆ ಒಂದೇ ಸಾಲು: ಪಿಸಿಯು ಅಂದರೆ ಎಲ್ಲ ಗಾಡಿಯನ್ನೂ ಕಾರಿನ ಲೆಕ್ಕಕ್ಕೆ ತಂದ ಎಣಿಕೆ, ಸ್ಯಾಚುರೇಶನ್ ಫ್ಲೋ ಅಂದರೆ ಹಸಿರು ಹಾಗೇ ಇದ್ದರೆ ಒಂದು ದಾರಿಯಿಂದ ತಾಸಿಗೆ ಹಾಯಬಲ್ಲ ಪಿಸಿಯು, ಐಆರ್‌ಸಿ 65 ಮತ್ತು 93 ಅಂದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಗಳು, ಮೊದಲನೆಯದು ರೋಟರಿ ಅಂದರೆ ರಸ್ತೆ ವೃತ್ತಕ್ಕೆ, ಎರಡನೆಯದು ಸಿಗ್ನಲ್‌ಗೆ.

ಮೊದಲು ಎಣಿಕೆ. ನಮ್ಮ ಕಡೆ ಒಂದೇ ಸಲ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಡಿಸೆಂಬರ್‌ನಿಂದ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ತೊಗರಿ ಲಾರಿ ಶುರುವಾಗುತ್ತವೆ, ಅದೇ ಹೊತ್ತಿಗೆ ಎರಡೆರಡು ಟ್ರೈಲರ್ ಕಟ್ಟಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಓಡುತ್ತವೆ. ಮೇ ತಿಂಗಳಲ್ಲಿ ಮಧ್ಯಾಹ್ನ ರಸ್ತೆಯೇ ಖಾಲಿ, ಸಂಜೆ ಏಳರ ಮೇಲೆ ಒಮ್ಮೆಲೇ ತುಂಬುತ್ತದೆ. ಹಾಗಾಗಿ ಜನವರಿಯಲ್ಲಿ ಒಂದು, ಮೇನಲ್ಲಿ ಒಂದು ಎಣಿಕೆ ಬೇಕೇ ಬೇಕು. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸಿನ ದಿನಗಳನ್ನು ಬಿಡಬೇಕು. ನನ್ನ ಸರ್ಕಲ್‌ನಲ್ಲಿ ಜನವರಿಯ ಸಂಜೆ, ಬೈಕಿಗೆ 0.75 ಹಿಡಿದು, ತಾಸಿಗೆ ಸುಮಾರು 1,900 ಪಿಸಿಯು ಬಂತು. ನಾಲ್ಕೂ ದಾರಿ ಹೆಚ್ಚುಕಡಿಮೆ ಸಮ, ಒಂದೊಂದಕ್ಕೆ 470ರ ಆಸುಪಾಸು. ಈ ಸಮತೂಕವೇ ರೌಂಡಬೌಟಿಗೆ ದಾರಿ ಮಾಡಿಕೊಟ್ಟಿತು.

ಸಿಗ್ನಲ್ ಲೆಕ್ಕ ನೋಡಿ. ಒಳಬರುವ ದಾರಿ 5.5 ಮೀಟರ್ ಅಗಲ, ಮೀಟರಿಗೆ 525 ಪಿಸಿಯುವಿನಂತೆ ಸ್ಯಾಚುರೇಶನ್ ಫ್ಲೋ ಸುಮಾರು 2,890. ಒಂದೊಂದು ದಾರಿಯ ಅನುಪಾತ 470 ಭಾಗಿಸು 2,890, ಅಂದರೆ 0.163, ನಾಲ್ಕು ಫೇಸ್ (ಒಂದೊಂದು ದಾರಿಯ ಹಸಿರಿನ ಸರದಿ) ಸೇರಿ 0.65. ಫೇಸಿಗೆ ನಾಲ್ಕು ಸೆಕೆಂಡ್ ನಷ್ಟ ಹಿಡಿದರೆ ಒಟ್ಟು 16. ಸಿಗ್ನಲ್ ಸಮಯ ಕಟ್ಟುವ ವೆಬ್‌ಸ್ಟರ್ ಸೂತ್ರಕ್ಕೆ ಹಾಕಿದರೆ, ನಷ್ಟದ ಒಂದೂವರೆ ಪಟ್ಟಿಗೆ 5 ಕೂಡಿಸಿ 29, ಅದನ್ನು ಭಾಗಿಸು 0.35 (1ರಲ್ಲಿ 0.65 ಕಳೆದದ್ದು), ಅಂದರೆ 83 ಸೆಕೆಂಡಿನ ಸೈಕಲ್, ದೀಪಗಳ ಒಂದು ಪೂರ್ತಿ ಸುತ್ತು. ಒಂದು ದಾರಿಗೆ ಹಸಿರು 17 ಸೆಕೆಂಡ್, ಉಳಿದ 66 ಸೆಕೆಂಡ್ ನಿಲ್ಲಬೇಕು. ಸೈಕಲ್ಲಿನ ಐದರಲ್ಲೊಂದು ಪಾಲು ಯಾರೂ ಹೋಗದೆ ಕರಗುತ್ತದೆ. ಮಧ್ಯಾಹ್ನ ಎರಡಕ್ಕೆ ಅನುಪಾತ 0.3ಕ್ಕೆ ಇಳಿದಾಗ 41 ಸೆಕೆಂಡ್ ಸಾಕು, ಆದರೆ ಟೈಮರ್ ಅದೇ 83ಕ್ಕೆ ಕಟ್ಟಿಕೊಂಡಿರುತ್ತದೆ. ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಖಾಲಿ ರಸ್ತೆಯ ಮುಂದೆ ಒಂದು ನಿಮಿಷ ನಿಲ್ಲು ಅಂದರೆ ಯಾರೂ ನಿಲ್ಲುವುದಿಲ್ಲ. ಮಧ್ಯಾಹ್ನ ದಾಟಿ ರೂಢಿಯಾದವನು ಸಂಜೆಯೂ ದಾಟುತ್ತಾನೆ. ಇದರ ಮೇಲೆ ಬೇಸಿಗೆಯಲ್ಲಿ ಕಂಟ್ರೋಲರ್ ಕಾರ್ಡ್ ಸುಡುವುದು, ಸಿಡಿಲಿಗೆ ಪವರ್ ಸಪ್ಲೈ ಹೋಗುವುದು, ಎರೆಮಣ್ಣಿನಲ್ಲಿ ಕಂಬ ವಾಲುವುದು. ಹಾಕಿಸುವಾಗ ಸುಮಾರು 11 ಲಕ್ಷ ಆಗಿತ್ತು, ಮೇಲೆ ವರ್ಷಕ್ಕೆ ಲಕ್ಷದಷ್ಟು ರಿಪೇರಿ, ಕರೆಂಟು.

ಹಳೆಯ ರೋಟರಿ ಲೆಕ್ಕ ಹಿಡಿದರೆ ಇಂಥ ಜಾಗದಲ್ಲಿ ಕೆಲಸ ಮುಂದೆ ಹೋಗುವುದಿಲ್ಲ. 1976ರ ಐಆರ್‌ಸಿ 65 ತಾಸಿಗೆ 30 ಕಿಲೋಮೀಟರ್ ವೇಗಕ್ಕೇ 30 ಮೀಟರ್ ವೀವಿಂಗ್ ಉದ್ದ, ಅಂದರೆ ಗಾಡಿಗಳು ಹೆಣೆದುಕೊಂಡು ಸಾಲು ಬದಲಿಸುವ ಜಾಗ, ಕೇಳುತ್ತಿತ್ತು. ಅಷ್ಟು ಜಾಗ ಊರೊಳಗೆ ಎಲ್ಲಿದೆ? ನನಗೆ ಸಿಕ್ಕಿದ್ದು ಅಂಚಿನಿಂದ ಅಂಚಿಗೆ 28 ಮೀಟರ್, ಅದೂ ನಾಲ್ಕು ಮೂಲೆಯ ತಳ್ಳುಗಾಡಿ ಸರಿಸಿದ ಮೇಲೆ. ಗಾಡಿಗಳು ಒಳಗೆ ಹೆಣೆದುಕೊಳ್ಳಲು ಜಾಗ ಕೊಡುವ ಲೆಕ್ಕ ಬಿಟ್ಟು, ಒಳಬರುವ ಬಾಯಲ್ಲೇ ನಿಧಾನ ಮಾಡಿಸುವ ಲೆಕ್ಕ ಹಿಡಿಯಬೇಕು. ನಮ್ಮಲ್ಲಿ ಮುಕ್ಕಾಲು ಪಾಲು ಬೈಕು. ಬೈಕಿನವನು ಎರಡು ಸೆಕೆಂಡ್ ಸಂದು ಸಿಕ್ಕರೆ ಸೇರಿಕೊಳ್ಳುತ್ತಾನೆ. ಸಣ್ಣ ರೌಂಡಬೌಟಿಗೆ ಇದಕ್ಕಿಂತ ಒಳ್ಳೆಯ ಟ್ರಾಫಿಕ್ ಸಿಗುವುದಿಲ್ಲ.

ಪಕ್ಕಾ ಕೆಲಸಕ್ಕೆ ಮೊದಲು ಬ್ಯಾರಲ್ ಇಟ್ಟು ನೋಡಲೇಬೇಕು. ಖಾಲಿ ಡಾಂಬರ್ ಬ್ಯಾರಲ್ ನಲವತ್ತು, ತಲಾ 400 ರೂಪಾಯಿ. ಮೂರರಲ್ಲೊಂದು ಪಾಲು ಮಾತ್ರ ಉಸುಕು ತುಂಬಬೇಕು. ಪೂರ್ತಿ ತುಂಬಿದರೆ ಗುದ್ದಿದ ಬೈಕಿನವನ ಕಾಲು ಮುರಿಯುತ್ತದೆ, ಖಾಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾರಲ್ ಇರುವುದಿಲ್ಲ. ಉಸುಕಿನ ಚೀಲ ಬೇಡ, ಏಪ್ರಿಲ್ ಬಿಸಿಲಿಗೆ ಮೂರು ವಾರದಲ್ಲಿ ನೂಲು ಪುಡಿಯಾಗಿ ಉಸುಕು ರಸ್ತೆಗೆ ಬಿದ್ದು ಬೈಕು ಜಾರುತ್ತವೆ. ಉಸುಕು, ರೇಡಿಯಂ ಪಟ್ಟಿ, ಬಣ್ಣ, ನಾಲ್ಕು ಬೋರ್ಡು, ಆಳಿನ ಪಗಾರ ಎಲ್ಲ ಸೇರಿ ಪ್ರಯೋಗಕ್ಕೆ 75 ಸಾವಿರದ ಒಳಗೆ ಮುಗಿಯಿತು.

ಮೊದಲ ಸಲ 18 ಮೀಟರ್ ಅಡ್ಡಳತೆಯ ನಡುಕಟ್ಟೆ, ಸುತ್ತ 5 ಮೀಟರ್ ದಾರಿ. 12 ಮೀಟರಿನ ಬಸ್ಸು ತಿರುಗುವಾಗ ಏಳು ಮೀಟರಿಗೂ ಹೆಚ್ಚು ಅಗಲ ನುಂಗುತ್ತದೆ. ಮೊದಲ ಬಸ್ಸಿನ ಹಿಂದಿನ ಗಾಲಿಗೇ ನಾಲ್ಕು ಬ್ಯಾರಲ್ ಉರುಳಿದವು. ಎರಡೇ ದಿನಕ್ಕೆ ತೆಗೆದೆ. ಇನ್ನೊಂದು ತಪ್ಪು, ಕಟ್ಟೆಯನ್ನು ನಕ್ಷೆಯ ನಟ್ಟನಡುವೆ ಇಟ್ಟದ್ದು. ನಮ್ಮ ರಸ್ತೆಗಳು ಒಂದಕ್ಕೊಂದು ನೇರ ಬರುವುದಿಲ್ಲ. ಉತ್ತರದ ದಾರಿ ಎರಡೂವರೆ ಮೀಟರ್ ಪಕ್ಕಕ್ಕಿತ್ತು, ಆ ಕಡೆಯಿಂದ ಬಂದವನಿಗೆ ಕಟ್ಟೆ ಅಡ್ಡವೇ ಆಗಲಿಲ್ಲ, ಐವತ್ತರ ವೇಗದಲ್ಲಿ ಸೀದಾ ಹೋದ.

ಎರಡನೇ ಸಲ ಅತ್ತ ಜಾಸ್ತಿ ವಾಲಿದ್ದಾಯಿತು. ಕಟ್ಟೆ 8 ಮೀಟರ್, ಸುತ್ತ 10 ಮೀಟರ್ ದಾರಿ. ಬಸ್ಸು ಆರಾಮ ತಿರುಗಿತು, ಆದರೆ ಮೂರು ಗಾಡಿ ಸಾಲಾಗಿ ಸುತ್ತತೊಡಗಿ, ಒಳಗಿನವನು ಹೊರಬೀಳಲು ಹೊರಗಿನವನನ್ನು ಕತ್ತರಿಸಬೇಕಾಯಿತು. ಒಂಬತ್ತನೇ ದಿನ ಸಂಜೆ ಸರ್ಕಲ್ ಪೂರ್ತಿ ಗಂಟುಬಿತ್ತು. ಗಂಟು ಬೀಳುವ ರೀತಿ ಯಾವಾಗಲೂ ಒಂದೇ: ಹೊರಗಿನವನು ನುಗ್ಗುತ್ತಾನೆ, ಒಳಗೆ ಸುತ್ತುವವನು ನಿಲ್ಲುತ್ತಾನೆ, ಅವನ ಬೆನ್ನ ಹಿಂದೆ ಹೊರಹೋಗುವ ಬಾಯಿ ಮುಚ್ಚುತ್ತದೆ, ಅಲ್ಲಿಂದ ಹೊರಬೀಳಬೇಕಾದವನು ಇನ್ನೊಂದು ಬಾಯಿಗೆ ಅಡ್ಡವಾಗುತ್ತಾನೆ. ನಾಲ್ಕು ಬಾಯಿ ಮುಚ್ಚಲು ಅರ್ಧ ನಿಮಿಷ ಸಾಕು. ಬ್ರಿಟನ್ನಿನಲ್ಲಿ 1966ರಲ್ಲಿ ಒಳಗಿರುವವನಿಗೆ ಮೊದಲು ದಾರಿ ಎಂಬ ನಿಯಮ ತಂದದ್ದು ಈ ಗಂಟು ಬಿಡಿಸಲಿಕ್ಕೇ. ನಮ್ಮಲ್ಲೂ ನಿಯಮ ಅದೇ, ಬಲದಿಂದ ಬರುವವನಿಗೆ ದಾರಿ ಬಿಡಬೇಕು. ಆದರೆ ಬೋರ್ಡು ಓದಿ ಯಾರೂ ದಾರಿ ಬಿಡುವುದಿಲ್ಲ. ಹದಿನೈದರ ವೇಗದಲ್ಲಿ ಬಂದವನು ಬಿಡುತ್ತಾನೆ, ನಲವತ್ತರಲ್ಲಿ ಬಂದವನು ಬಿಡುವುದಿಲ್ಲ. ಅಲ್ಲಿಗೆ ಕೆಲಸವೆಲ್ಲ ಒಳಬರುವ ಬಾಯಿಗೆ ಬಂದು ನಿಂತಿತು.

ಮೂರನೇ ಸಲದ ಅಳತೆ ಇದು. ಗಟ್ಟಿ ನಡುಕಟ್ಟೆ 10 ಮೀಟರ್, ಅದರ ಸುತ್ತ 3 ಮೀಟರ್ ಏಪ್ರನ್ ಎಂಬ ತಗ್ಗು ಪಟ್ಟಿ, ಆಚೆ 6 ಮೀಟರ್ ದಾರಿ. ಕಾರು, ಬೈಕು, ಆಟೋ ಆರು ಮೀಟರಿನಲ್ಲೇ ಸುತ್ತುತ್ತವೆ, ಬಸ್ಸು, ಲಾರಿ, ಕಬ್ಬಿನ ಟ್ರೈಲರಿನ ಹಿಂದಿನ ಗಾಲಿ ಏಪ್ರನ್ ಹತ್ತಿ ಇಳಿಯುತ್ತದೆ. ಕಟ್ಟೆಯ ನಡುವನ್ನು ಉತ್ತರದ ದಾರಿಗೆ ಅಡ್ಡ ಬರುವಂತೆ 1.2 ಮೀಟರ್ ಸರಿಸಿದೆ. ಒಳಬರುವ ಬಾಯಿಯ ಅಗಲಕ್ಕೇ ಹೆಚ್ಚು ದಿನ ಹಿಡಿಯಿತು. 5 ಮೀಟರ್ ಬಿಟ್ಟರೆ ಎರಡು ಆಟೋ ಪಂದ್ಯಕ್ಕೆ ಬಿದ್ದು ಜೊತೆಗೇ ನುಗ್ಗುತ್ತವೆ. 3.2ಕ್ಕೆ ಇಳಿಸಿದರೆ ಬೈಕುಗಳೆಲ್ಲ ಆಟೋದ ಹಿಂದೆ ಸಿಕ್ಕಿ ಸಾಲು ಬೆಳೆಯುತ್ತದೆ. 4 ಮೀಟರ್ ನಿಂತಿತು: ಒಂದು ಕಾರು, ಪಕ್ಕಕ್ಕೊಂದು ಬೈಕು. ಒಳಬರುವ ಮತ್ತು ಹೊರಹೋಗುವ ಬಾಯಿ ಬೇರೆ ಮಾಡುವ ಸ್ಪ್ಲಿಟರ್ ಕಟ್ಟೆ 9 ಮೀಟರ್ ಉದ್ದ, ಜನ ದಾಟುವಲ್ಲಿ 1.5 ಮೀಟರಿಗೆ ಕಡಿಮೆ ಇಲ್ಲದ ಅಗಲ. ಮೊದಲು ಇದು ಆರೇ ಮೀಟರ್ ಇತ್ತು, ಬಲಕ್ಕೆ ಹೋಗುವ ಬೈಕಿನವರು ಸುತ್ತು ಉಳಿಸಲು ಉಲ್ಟಾ ನುಗ್ಗುತ್ತಿದ್ದರು. ಉದ್ದ ಮಾಡಿ, ಮೂತಿಯನ್ನು ಸುತ್ತುದಾರಿಯ ಅಂಚಿಗೆ ಬಗ್ಗಿಸಿದ ಮೇಲೆ ಸರಿದಾರಿಯೇ ಸುಲಭವಾಯಿತು, ಉಲ್ಟಾ ಹೋಗುವವರು ಬೆರಳೆಣಿಕೆಗೆ ಇಳಿದರು.

ಬ್ಯಾರಲ್ ಸರಿಸುವ ಅಳತೆ ಟೇಪಿಗಿಂತ ಧೂಳಿನಲ್ಲಿ ಚೆನ್ನಾಗಿ ಸಿಗುತ್ತದೆ. ಪೌರಕಾರ್ಮಿಕರು ಗುಡಿಸುವ ಮೊದಲು, ಬೆಳಗಿನ ಐದೂವರೆಗೆ ಹೋಗಿ ನೋಡಿ. ಗಾಲಿ ಹಾಯ್ದಲ್ಲಿ ಡಾಂಬರು ಕರ್ರಗೆ ಹೊಳೆಯುತ್ತಿರುತ್ತದೆ, ಹಾಯದಲ್ಲಿ ಎರೆಮಣ್ಣಿನ ಬೂದು ಧೂಳು ಬೆರಳುಗಾತ್ರ ಕೂತಿರುತ್ತದೆ, ನಡುವೆ ಗುಟ್ಕಾ ಚೀಟಿ, ತೊಗರಿ ಹೊಟ್ಟು. ಆ ಧೂಳಿನ ಗಡಿ ನಿಮ್ಮ ಕರ್ಬಿನ (ಅಂಚುಗಲ್ಲಿನ) ಗಡಿ. ಸುಣ್ಣದ ಪುಡಿಯಲ್ಲಿ ಅದನ್ನೇ ಗೆರೆ ಎಳೆದು ಮೂರು ದಿನ ಬಿಟ್ಟು ನೋಡಿ. ಗೆರೆ ಅಳಿಸದೆ ಉಳಿದಲ್ಲೆಲ್ಲ ಕಟ್ಟೆ ಬರಬಹುದು. ನನ್ನ ನಾಲ್ಕು ಸ್ಪ್ಲಿಟರ್‌ಗಳಲ್ಲಿ ಮೂರರ ಆಕಾರ ಹೀಗೇ ಸಿಕ್ಕಿದ್ದು. ಬ್ಯಾರಲ್‌ಗಳನ್ನು ದಿನಕ್ಕೆ ಎಷ್ಟೆಷ್ಟು, ಯಾವ ಬಾಯಿಂದ ಶುರುಮಾಡಿ ಸರಿಸಬೇಕು ಅನ್ನುವ ಕ್ರಮ ನನ್ನದೇ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಟಂಟಂ (ಶೇರ್ ಆಟೋ) ಮತ್ತು ಆಟೋ ಹೊರಹೋಗುವ ಬಾಯಲ್ಲೇ ನಿಂತು ಸವಾರಿ ಹತ್ತಿಸಿದರೆ ಮೇಲಿನದೆಲ್ಲ ನೀರಲ್ಲಿ ಹೋಮ. ಒಂದು ಟಂಟಂ ಇಪ್ಪತ್ತು ಸೆಕೆಂಡ್ ನಿಂತರೆ ಹಿಂದೆ ಆರು ಗಾಡಿ, ಏಳನೆಯದು ಸುತ್ತುದಾರಿಯ ಮೇಲೆ. ಬಾಯಿಂದ 30 ಮೀಟರ್ ಆಚೆಗೆ 2.5 ಮೀಟರ್ ಅಗಲ, 18 ಮೀಟರ್ ಉದ್ದದ ಬೇ (ಗಾಡಿ ನಿಲ್ಲುವ ಜಾಗ) ಮಾಡಿ, ಅಲ್ಲಿ ನೆರಳಿಗೆ ತಗಡು ಹಾಕಿದೆ. ಬಾಯಿಂದ ಆ ಬೇ ತನಕ ಅಂಚಿಗೆ ಕಂಬಿ. ನೆರಳು ಇಲ್ಲದ ನಿಲ್ದಾಣಕ್ಕೆ ನಮ್ಮೂರಲ್ಲಿ ಸವಾರಿಯೂ ಬರುವುದಿಲ್ಲ, ಆಟೋನೂ ಬರುವುದಿಲ್ಲ.

ಪಕ್ಕಾ ಕೆಲಸದಲ್ಲಿ ಕೈ ಸುಟ್ಟದ್ದು ಫರಸಿಯಿಂದ. ಶಹಾಬಾದ್ ಕಲ್ಲು ಅಗ್ಗ, ಹತ್ತಿರ ಸಿಗುತ್ತದೆ ಅಂತ ಒಂದು ಸ್ಪ್ಲಿಟರ್‌ಗೆ ಅದರದ್ದೇ ಕರ್ಬ್ ನಿಲ್ಲಿಸಿದೆ. ಅದು ಪದರ ಪದರದ ಕಲ್ಲು, ಲಾರಿ ಗಾಲಿ ನಾಲ್ಕು ಸಲ ಒರೆಸಿದ್ದಕ್ಕೆ ಹಪ್ಪಳದಂತೆ ಬಿಟ್ಟುಕೊಂಡಿತು. ಏಪ್ರನ್ ಮೇಲೆ ಹಾಸಿ ನೋಡಿದ್ದೂ ಕೆಟ್ಟಿತು, ಮಳೆಗೆ ನುಣುಪು, ಬಸ್ಸಿನ ಭಾರಕ್ಕೆ ಅಲುಗಾಟ. ಸುಮಾರು 18 ಸಾವಿರ ಹೋಯಿತು. ಕೊನೆಗೆ ಎಂ30 ದರ್ಜೆಯ ಕಾಂಕ್ರೀಟು 20 ಸೆಂಟಿಮೀಟರ್, ಕಸಬರಿಗೆ ಎಳೆದ ಒರಟು ಮೈ. ಏಪ್ರನ್ ಜಾಗ 122 ಚದರ ಮೀಟರ್ ಆಗುತ್ತದೆ, 24.5 ಘನ ಮೀಟರ್ ಕಾಂಕ್ರೀಟು ಬೇಕು, ಎರಡು ಘನ ಮೀಟರ್ ಜಾಸ್ತಿ ಹೇಳಿಡಿ. ಏಪ್ರನ್ ಅಂಚಿನ ಎತ್ತರ 4 ಸೆಂಟಿಮೀಟರ್, ಓರೆ ಕಡಿತ. 8 ಸೆಂಟಿಮೀಟರ್ ಇಟ್ಟಾಗ ರಾತ್ರಿ ಬೈಕು ತಾಗಿ ಬಿದ್ದವು, 2ಕ್ಕೆ ಇಳಿಸಿದರೆ ಕಾರಿನವರು ಅದನ್ನೇ ಹತ್ತಿ ನೇರ ಹೋದರು.

ಎರೆಮಣ್ಣಿನ ಮೇಲೆ ನೇರ ಕರ್ಬ್ ಕೂಡಿಸಿದರೆ ಒಂದು ಮಳೆಗಾಲಕ್ಕೆ ಹಲ್ಲು ಕಿತ್ತಂತೆ ವಾಲುತ್ತವೆ. 60 ಸೆಂಟಿಮೀಟರ್ ಮಣ್ಣು ತೆಗೆದು ಮುರುಮ ತುಂಬಿ ಎರಡು ಪದರದಲ್ಲಿ ರೋಲರ್ ಹಾಯಿಸಿ, ಮೇಲೆ 10 ಸೆಂಟಿಮೀಟರ್ ಒಂದು-ನಾಲ್ಕು-ಎಂಟರ (ಸಿಮೆಂಟು, ಉಸುಕು, ಜಲ್ಲಿ) ಕಾಂಕ್ರೀಟು. ಗವಂಡಿ ಎಷ್ಟೇ ಜಾಣನಾದರೂ ಈ ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತಿರಬೇಕು. ಇಳಿಜಾರು ಹೊರಗಡೆಗೆ 2.5 ಪ್ರತಿಶತ. ವೇಗದ ರಸ್ತೆಯ ರೂಢಿಯಲ್ಲಿ ಒಳಕ್ಕೆ ಇಳಿಜಾರು ಕೊಟ್ಟರೆ ನೀರು ನಡುಕಟ್ಟೆಗೆ ಬಂದು ನಿಲ್ಲುತ್ತದೆ, ಜೊತೆಗೆ ಗಾಡಿ ಜೋರಾಗುತ್ತದೆ. ಎರಡೆರಡು ದಾರಿಯ ನಡುವೆ ಒಂದರಂತೆ ನಾಲ್ಕು ನೀರುಬಾಯಿ.

ಪಕ್ಕಾ ಕೆಲಸದ ಖರ್ಚು ನೆನಪಿನಂತೆ: ಏಪ್ರನ್ 1.7 ಲಕ್ಷ, 160 ಮೀಟರ್ ಕರ್ಬು 1.5 ಲಕ್ಷ, ಅಗೆತ ಮತ್ತು ಮುರುಮ ಒಂದು ಲಕ್ಷದ ಮೇಲೆ, ಉಳಿದದ್ದು ಡಾಂಬರು, ನೀರುಬಾಯಿ, ಥರ್ಮೋಪ್ಲಾಸ್ಟಿಕ್ ಗೆರೆ, ಬೋರ್ಡು, ದೀಪ. ಎಲ್ಲ ಸೇರಿ ಏಳೂವರೆ ಲಕ್ಷ. ಬಿಲ್ಲು ಕೈಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು, ಆ ಬಡ್ಡಿ ಇದರಲ್ಲಿ ಸೇರಿಲ್ಲ.

ಇದರ ಜೊತೆಗೇ ಎರಡು ಪ್ರಯೋಗ ಮಾಡಿದೆ. ಬಾಯಿಗೆ ಮೊದಲು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲದ ಹಂಪ್ ಹಾಕಿದರೆ ಬೈಕಿನವರು ಪಕ್ಕದ ಮಣ್ಣಿಗೆ ಇಳಿದು ತಪ್ಪಿಸಿಕೊಂಡರು. ಅದೇ ಎತ್ತರವನ್ನು ಅಂಚಿನಿಂದ ಅಂಚಿಗೆ ಚಪ್ಪಟೆ ಮಾಡಿ, ಮೇಲೆ ಜೀಬ್ರಾ ಎಳೆದು, ನಿಲ್ಲುವ ಗೆರೆಯಿಂದ ಒಂದು ಕಾರಿನಷ್ಟು ಹಿಂದಕ್ಕೆ ಇಟ್ಟಾಗ ಗಾಡಿಯೂ ನಿಧಾನ, ಶಾಲೆ ಮಕ್ಕಳೂ ದಾಟಿದರು. ಎರಡನೆಯದು ದೀಪ. ನಡುಕಟ್ಟೆಯ ಹೈಮಾಸ್ಟ್ ಒಂದೇ ಇದ್ದಾಗ ದಾಟುವವರು ಬೆಳಕಿಗೆ ಬೆನ್ನಾಗಿ ಕಪ್ಪಗೆ ಕಾಣುತ್ತಿದ್ದರು. ಹೊರ ಅಂಚಿಗೆ ನಾಲ್ಕು ಎಲ್‌ಇಡಿ ಕಂಬ ಹಾಕಿದ ಮೇಲೆ ಮುಖ ಕಾಣುತ್ತದೆ. ಕಟ್ಟೆಯ ಮೇಲೆ ನಡುವಿನ ನಾಲ್ಕು ಮೀಟರ್ ಮಾತ್ರ ಎತ್ತರದ ಗಿಡ, ಎದುರಿನ ರಸ್ತೆ ನೇರ ಕಾಣದಿದ್ದರೆ ಗಾಡಿಯವನು ತಾನೇ ಬ್ರೇಕ್ ಒತ್ತುತ್ತಾನೆ. ಅಂಚಿನ ಮೂರು ಮೀಟರ್ ಹುಲ್ಲು ಅಷ್ಟೇ, ಇಲ್ಲದಿದ್ದರೆ ಬಲದಿಂದ ಬರುವ ಬೈಕು ಮರೆಯಾಗುತ್ತದೆ.

ಎಲ್ಲ ಕಡೆ ಇದನ್ನೇ ಹಾಕಬೇಡಿ. ಒಂದೇ ದಾರಿ ಒಟ್ಟು ಟ್ರಾಫಿಕ್ಕಿನ ಅರ್ಧಕ್ಕಿಂತ ಹೆಚ್ಚು ತರುತ್ತಿದ್ದರೆ ಅದರ ಎಡಕ್ಕಿರುವ ದಾರಿಗೆ ಸಂದೇ ಸಿಗುವುದಿಲ್ಲ, ಅಲ್ಲಿ ಸಿಗ್ನಲ್ಲೇ ಬೇಕು. ಬಸ್ ಸ್ಟ್ಯಾಂಡ್ ಎದುರಿನಂತೆ ಜನ ತೆರಪಿಲ್ಲದೆ ದಾಟುವಲ್ಲಿ ಬೇಡ. ನೂರೈವತ್ತು ಮೀಟರ್ ಒಳಗೆ ಇನ್ನೊಂದು ಸಿಗ್ನಲ್ ಇದ್ದರೆ ಅದರ ಸಾಲು ಹಿಂದಕ್ಕೆ ಬೆಳೆದು ನಿಮ್ಮ ಬಾಯಿ ಮುಚ್ಚುತ್ತದೆ, ಎಂಥ ಅಳತೆಯೂ ಉಳಿಸಲಾರದು. ನನ್ನ ಸರ್ಕಲ್‌ನಲ್ಲೂ ಪೂರ್ವದ ದಾರಿ ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿದೆ. ಜನವರಿಯ ಎಣಿಕೆಯಲ್ಲಿ ಅದು 600 ಪಿಸಿಯು ದಾಟಿದರೆ ಸಂಜೆಯ ಒಂದು ತಾಸು ಆ ಬಾಯಿಗೆ ಮಾತ್ರ ಗಾಡಿಗಳನ್ನು ತಡೆತಡೆದು ಬಿಡುವ ಒಂದು ಮೀಟರಿಂಗ್ ದೀಪ ಹಾಕುವುದಿದೆ. ಅದರ ಪೈಪು ಈಗಾಗಲೇ ಕಾಂಕ್ರೀಟಿನ ಕೆಳಗೆ ಹೂತಿಟ್ಟಿದ್ದೇನೆ.