ಇಸ್ತ್ರಿಯಲ್ಲಿ ಅಂಟಿಸಿದ ದೋಣಿ, ಹಾಲಿಫರ್ಡ್–ಪೈಕ್ ಸುತ್ತು

ಮನೆಯಲ್ಲಿ ಇಸ್ತ್ರಿ ಹಾಕಿ ಅಂಟಿಸಿದ ಪ್ಯಾಕ್‌ರಾಫ್ಟ್ (ಮಡಚಿ ಬೆನ್ನಚೀಲದಲ್ಲಿ ಒಯ್ಯುವ ಗಾಳಿದೋಣಿ) ಕೆರೆಗೆ ಸಾಕು, ನ್ಯೂಜಿಲೆಂಡಿನ ನೈಋತ್ಯ ಮೂಲೆಯ ಕಾಡುಪ್ರದೇಶ ಫಿಯೋರ್ಡ್‌ಲ್ಯಾಂಡ್‌ಗೆ ಆಗದು ಎಂದವರೇ ಹೆಚ್ಚು. ಅದೇ ದೋಣಿ ಅಲ್ಲಿನ ಹಾಲಿಫರ್ಡ್, ಪೈಕ್ ನದಿಗಳ ಕಣಿವೆಗಳನ್ನು ನಡೆದೂ ಹುಟ್ಟು ಹಾಕಿಯೂ ಸುತ್ತುವ ದಾರಿಯನ್ನು ಮುಗಿಸಿತು. ಅಂಟಿಸಿದ ಅಂಚೊಂದೂ ಬಿಡಲಿಲ್ಲ.

ಒಳ್ಳೆಯ ದೋಣಿಗೆ ನ್ಯೂಜಿಲೆಂಡಿನ ಅಂಗಡಿಯಲ್ಲಿ 2,000 ಡಾಲರ್ ಆಸುಪಾಸು ಕೊಡಬೇಕು. ನನಗೆ ಟಿಪಿಯು (ಕಾವಿಗೆ ಕರಗಿ ಅಂಟುವ ಪ್ಲಾಸ್ಟಿಕ್) ಲೇಪದ ನೈಲಾನ್, ಕವಾಟ, ಸಾಗಣೆ ಎಲ್ಲ ಸೇರಿ 600ರೊಳಗೆ ಮುಗಿಯಿತು. ಹಾಳಾದ ಬಟ್ಟೆಯ ಲೆಕ್ಕ ಬೇರೆ. ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಬಟ್ಟೆ ಹಾಳಾದದ್ದು ಇಸ್ತ್ರಿ ಪೆಟ್ಟಿಗೆಯ ಚಂಚಲತೆಯಿಂದ. ಕಾವು ಏರಿದಾಗ ಲೇಪ ಸುಟ್ಟ ಹಪ್ಪಳದಂತೆ ಗುಳ್ಳೆ ಎದ್ದಿತು. ಇಳಿದಾಗ ಇನ್ನೂ ಕಷ್ಟ: ಅಂಟಿದಂತೆ ಕಂಡರೂ ಮರುದಿನ ಉಗುರು ತಾಗಿಸಿದರೆ ಸುಲಿದು ಬರುತ್ತಿತ್ತು. ಕೊನೆಗೆ ಮಾದರಿ ವಿಮಾನ ಕಟ್ಟುವವರ ಪುಟ್ಟ ಇಸ್ತ್ರಿ ಕೊಂಡು, 210 ಡಿಗ್ರಿಯ ಹತ್ತಿರ ಇಟ್ಟು, ಅದರ ಬೆನ್ನಿಗೇ ಮರದ ರೋಲರ್ ಒತ್ತುತ್ತಾ ಹೋದೆ. ಅಂಚು ತಣ್ಣಗಾಗುವವರೆಗೆ ರೋಲರ್ ಎತ್ತಬಾರದು. ಮೂತಿಯಲ್ಲಿ ಮೂರು ಪದರ ಕೂಡುವ ಮೂಲೆಯನ್ನು ಹೇಗೆ ಮುಚ್ಚಿದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಒಂದು ಚಳಿಗಾಲವನ್ನೇ ನುಂಗಿದ ಮೂಲೆ ಅದು.

ಹಿಮ ಕರಗಿದ ನೀರಿಗೆ ಇಳಿಸಿದೊಡನೆ ದೋಣಿ ಸೊರಗಿತು. ಒಳಗಿನ ಗಾಳಿ ತಣಿದರೆ ಹಾಗಾಗುವುದು ನಿಮಗೆ ಗೊತ್ತು, ಆದರೂ ಸ್ವಂತ ಕೈಯಲ್ಲಿ ಅಂಟಿಸಿದ ಕೊಳವೆ ಮೆತ್ತಗಾದಾಗ ಎದೆ ಧಸಕ್ಕೆನ್ನುತ್ತದೆ. ಮತ್ತೆ ಊದಿದ ಮೇಲೆ ಸಂಜೆವರೆಗೂ ಬಿಗಿಯಾಗಿಯೇ ಇತ್ತು.

ಮೆಕೆರೊ ಸರೋವರ ಸುಮಾರು 15 ಕಿ.ಮೀ. ಉದ್ದ. ದಡದ ಡೀಮನ್ ಟ್ರೇಲ್ ಎಂಬ ಕಾಲುದಾರಿಯ ಜಾರುಬಂಡೆ, ಬೇರುಗಳನ್ನು ತಪ್ಪಿಸುವುದಕ್ಕೇ ದೋಣಿ ಹೊತ್ತದ್ದು. ಸಮುದ್ರದ ಗಾಳಿ ಏಳುವ ಮೊದಲು ದಾಟಬೇಕು. ನಾನು ಬೆಳಕು ಹರಿಯುವ ಮುನ್ನವೇ ಹುಟ್ಟು ಹಾಕಿದೆ. ಆ ಗಾಳಿಯೇ ಆಲಬಾಸ್ಟರ್ ಸರೋವರದಲ್ಲಿ ಬೆನ್ನಿಗೆ ಬಂತು. ಮಲೆನಾಡಿನವನ ಚೀಲದಲ್ಲಿ ಕೊಡೆ ಇರದೇ ಇರುತ್ತದೆಯೇ? ಬಿಚ್ಚಿ ಹಿಡಿದೆ. ಅರ್ಧ ಗಂಟೆ ಹುಟ್ಟಿಗೆ ರಜೆ ಸಿಕ್ಕಿತು, ಆಮೇಲೆ ಕೊಡೆ ತಿರುಗಿ ಕಡ್ಡಿ ಮುರಿಯಿತು. ಗಟ್ಟಿ ಕಡ್ಡಿಯ ಕೊಡೆಯಾದರೆ ಈ ಪ್ರಯೋಗ ಮುಂದುವರಿಸಬಹುದು.

ಪಕ್ಕದ ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ ಸುಮಾರು 6,500 ಮಿ.ಮೀ. ಮಳೆ. ಆಗುಂಬೆ ಕಡೆಯವನಿಗೆ ಅದೇನೂ ಹೊಸದಲ್ಲ. ಸ್ಯಾಂಡ್‌ಫ್ಲೈ ಎಂಬ ಕಚ್ಚುವ ಪುಟ್ಟ ನೊಣ ಮಾತ್ರ ಸೋಲಿಸಿತು. ಉಂಬಳಕ್ಕೆ ಸುಣ್ಣ ಹಚ್ಚಿ ಗೆಲ್ಲಬಹುದು. ಈ ನೊಣ ಗಾಳಿಗೆ ಬಿಟ್ಟರೆ ಯಾರಿಗೂ ಹೆದರುವುದಿಲ್ಲ.

ಪೈಕ್ ನದಿಯಲ್ಲಿ ಮಳೆ ನಿಂತ ಮೇಲೂ ಒಂದು ದಿನ ಕಾದೆ. ಅಲ್ಲಿ ಅಲೆಗಳಿಗಿಂತ ಅಡ್ಡಬಿದ್ದ ಮರಗಳೇ ಭಯ. ತಿರುವು ಕಾಣದಿದ್ದಲ್ಲೆಲ್ಲ ದಡಕ್ಕೆ ಬಂದು ನೋಡಿಯೇ ಮುಂದೆ ಹೋದೆ. ಮೇಲ್ಭಾಗದ ಆಳವಿಲ್ಲದ ಕಲ್ಲುಗಳು ಕುಂಡೆಯ ಕೆಳಗಿನ ತಳವನ್ನು ಉಜ್ಜಿ ತೂತು ಮಾಡಿದವು. ಹೋದದ್ದು ಬಟ್ಟೆ, ಅಂಟಲ್ಲ. ತೇಪೆ ಹಾಕಿ ಮುಂದುವರಿದೆ. ಅಲ್ಲಿ ಇನ್ನೊಂದು ಪದರ ಕೊಟ್ಟರೆ ತೂಕ ಎರಡೂವರೆ ಕಿಲೋ ಮೀರುತ್ತದೆ, ಆದರೂ ಕೊಡುತ್ತೇನೆ. ಬಟ್ಟೆಗೆ ಆಗಲೇ ಹಣ ಕಳುಹಿಸಿದ್ದೇನೆ.